ಕಾಳಮ್ಮನ ಕೈಯ ಫೋಟೋ ತೆಗೆದವರು

ಫಕ್ರುದ್ದೀನ್ ಅವರಿಗೆ ಭದ್ರಾವತಿಯಲ್ಲಿ ಹೆಸರು ಬಂದದ್ದು ಮುಚ್ಚಿಡುವ ಕೆಲಸದಿಂದ. ಹಳೇನಗರದಲ್ಲಿದ್ದ ಅವರ ಸ್ಟುಡಿಯೋಗೆ ಮದುವೆಯ ವಯಸ್ಸಿನ ಮಗಳನ್ನು ಕರೆತರುತ್ತಿದ್ದ ತಾಯಂದಿರು ಬಾಗಿಲಲ್ಲೇ ಒಂದು ಮಾತು ಪಿಸುಗುಟ್ಟುತ್ತಿದ್ದರು: “ಗಲ್ಲದ ಮೇಲೆ ಅಮ್ಮ ಎದ್ದಿದ್ದ ಕಲೆ ಉಳ್ಕೊಂಡಿದೆ ಸಾಬ್ರೇ, ಒಂಚೂರು ನೋಡಿ ತೆಗೀರಿ.” ಅವರು ತಲೆಯಾಡಿಸಿ ದೀಪ ಸರಿಸುತ್ತಿದ್ದರು. ಬೆಳಕನ್ನು ಯಾವ ಕಡೆಯಿಂದ ಬಿಟ್ಟರೆ ಕಲೆ ಮಾಯವಾಗುತ್ತದೆ, ಮುಖವನ್ನು ಎಷ್ಟು ಹೊರಳಿಸಿದರೆ ಮೆಳ್ಳಗಣ್ಣು ಗೊತ್ತಾಗುವುದಿಲ್ಲ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಉಳಿದದ್ದನ್ನು ಚೂಪಾದ ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೆಯೇ ತಿದ್ದುತ್ತಿದ್ದರು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಬ್ಬ ಹಳೆಯ ಫೋಟೋಗ್ರಾಫರರ ಹತ್ತಿರ ಆರು ವರ್ಷ ಇದ್ದು ಕಲಿತ ವಿದ್ಯೆ ಅದು. ತಂದೆ ಲಾರಿ ಮೆಕ್ಯಾನಿಕ್; ಮಗನ ಕೈಗೂ ಗ್ರೀಸ್ ಹತ್ತುವುದು ಬೇಡವೆಂದು ಅಲ್ಲಿ ಬಿಟ್ಟಿದ್ದರು.

ಮದುವೆ ಫೋಟೋ ಬಿಟ್ಟರೆ ಉಳಿದದ್ದು ಕಾರ್ಖಾನೆಯ ಊರಿನ ವ್ಯಾಪಾರ. ಗೇಟ್ ಪಾಸಿಗೆ, ಕ್ವಾರ್ಟರ್ಸ್ ಅರ್ಜಿಗೆ, ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ನಿಂತ ಗುಂಪಿಗೆ ಅವರ ಫೋಟೋವೇ ಆಗಬೇಕಿತ್ತು. ಹೆಂಡತಿ ಬಿಸ್ಮಿಲ್ಲಾ ಬಾನು ಸ್ಟುಡಿಯೋದ ಹಿಂದಿನ ಮನೆಯಲ್ಲೇ ಪ್ರಿಂಟುಗಳನ್ನು ಕತ್ತರಿಸಿ ಕವರಿಗೆ ಹಾಕುತ್ತಿದ್ದರು. ಒಬ್ಬಳೇ ಮಗಳು ನೌರೀನ್ ಆಗಿನ್ನೂ ಎರಡನೇ ಕ್ಲಾಸಿನಲ್ಲಿದ್ದಳು.

1992ರ ಸೆಪ್ಟೆಂಬರಿನಲ್ಲಿ ರಾಮಚಂದ್ರಪ್ಪ ಎನ್ನುವವರು ಸ್ಟುಡಿಯೋಗೆ ಬಂದರು. ಕುಷ್ಠರೋಗದ ಬಗ್ಗೆ ತಿಳಿವಳಿಕೆ ಕೊಡುವ ಒಂದು ಸೇವಾ ಸಂಸ್ಥೆಯಲ್ಲಿ ಅವರು ಮೇಲ್ವಿಚಾರಕರು, ಕಚೇರಿ ಶಿವಮೊಗ್ಗದಲ್ಲಿ. ಇಪ್ಪತ್ತು ವರ್ಷ ಸೈಕಲ್ ತುಳಿದು ಹಳ್ಳಿ ಹಳ್ಳಿ ತಿರುಗಿ, ಯಾರೂ ಮುಟ್ಟದ ಹುಣ್ಣುಗಳನ್ನು ತಮ್ಮ ಕೈಯಾರೆ ತೊಳೆದು ಕಟ್ಟಿದ ಮನುಷ್ಯ. ಗೋಡೆಗೆ ಅಂಟಿಸುವ ಪೋಸ್ಟರಿಗೆ ಅವರಿಗೆ ಒಂದು ಒಳ್ಳೆಯ ಫೋಟೋ ಬೇಕಾಗಿತ್ತು.

“ಇಲ್ಲೀತನಕ ಚಿತ್ರ ಬರೆಸ್ತಿದ್ವಿ. ಜನ ತಿರುಗಿ ಕೂಡ ನೋಡಲ್ಲ. ನಿಜವಾದ್ದನ್ನ ನೋಡಿದ್ರೆ ಎದೆ ಝಲ್ಲನ್ಬೇಕು, ಹಂಗೆ ತೆಗೀಬೇಕು ನೀವು,” ಎಂದರು.

ಮುಂದಿನ ಮಂಗಳವಾರ ಫಕ್ರುದ್ದೀನ್ ಕ್ಯಾಮೆರಾ, ಎರಡು ದೀಪ, ಒಂದು ಕಪ್ಪು ಬಟ್ಟೆ ತೆಗೆದುಕೊಂಡು ಹೋದರು. ಭದ್ರಾವತಿಯ ಹಳೆಯ ಛತ್ರವೊಂದರ ಜಗಲಿಯಲ್ಲಿ ಸಂಸ್ಥೆಯವರು ಹದಿನೈದು ದಿನಕ್ಕೊಮ್ಮೆ ಮಾತ್ರೆ ಹಂಚುತ್ತಿದ್ದರು. ಅಲ್ಲಿ ಇಪ್ಪತ್ತು ಇಪ್ಪತ್ತೈದು ಜನ ಕುಳಿತಿದ್ದರು. ಹೆಚ್ಚಿನವರು ನೋಡುವುದಕ್ಕೆ ಎಲ್ಲರಂತೆಯೇ ಇದ್ದರು. ರಾಮಚಂದ್ರಪ್ಪ ಅವರನ್ನೆಲ್ಲ ಬಿಟ್ಟು ಐದು ಮಂದಿಯನ್ನು ಆರಿಸಿ ಪಕ್ಕಕ್ಕೆ ಕೂರಿಸಿದರು. ಐದನೆಯವಳು ಕಾಳಮ್ಮ.

ಕಾಳಮ್ಮನಿಗೆ ಆಗ ನಲವತ್ತರ ಹತ್ತಿರ. ಕಾಗದದ ಕಾರ್ಖಾನೆಯವರ ಬಡಾವಣೆಯಾದ ಕಾಗದನಗರದ ಕ್ವಾರ್ಟರ್ಸುಗಳಲ್ಲಿ ಹನ್ನೊಂದು ವರ್ಷದಿಂದ ಮನೆಮನೆಗೆ ಹೂ ಕೊಡುತ್ತಿದ್ದಳು. ಎಡಗೈಯ ಕಿರುಬೆರಳು, ಉಂಗುರ ಬೆರಳು ಅಂಗೈಗೆ ಮಡಚಿಕೊಂಡಿದ್ದವು. ಯಾರಾದರೂ ಕೇಳಿದರೆ ಬಾಣಂತನದಲ್ಲಿ ಜ್ವರ ಬಂದು ನರ ಸೆಳೆಯಿತು ಎನ್ನುತ್ತಿದ್ದಳು. ಉಳಿದ ಮೂರು ಬೆರಳಲ್ಲೇ ಮಲ್ಲಿಗೆ ಕಟ್ಟುತ್ತಿದ್ದಳು, ಅದೂ ಬೇರೆಯವರಿಗಿಂತ ಒತ್ತಾಗಿ. ಫೋಟೋ ಯಾಕೆಂದು ಕೇಳಿದಾಗ ರಾಮಚಂದ್ರಪ್ಪ “ಆಫೀಸಿಗಮ್ಮ” ಎಂದಿದ್ದರು. ಅವಳು ಫೈಲಿಗೆ ಎಂದುಕೊಂಡಳು.

ಫಕ್ರುದ್ದೀನ್ ಮೊದಲು ಬರೀ ಕೈ ತೆಗೆದರು. ಕಪ್ಪು ಬಟ್ಟೆಯ ಮೇಲೆ ಕೈ ಇರಿಸಿ, ಬೆರಳುಗಳ ಬಾಗು ಎದ್ದು ಕಾಣಲೆಂದು ಒಂದೇ ದೀಪವನ್ನು ಪಕ್ಕದಿಂದ ಬಿಟ್ಟರು. ಚರ್ಮ ಹೊಳೆಯಲೆಂದು ಕೊಬ್ಬರಿ ಎಣ್ಣೆ ಸವರಿಸಿದರು. ಚೆನ್ನಾಗಿ ಬಂತು ಎನಿಸಿದರೂ ಏನೋ ಸಾಲದೆನಿಸಿತು. ಬರೀ ಕೈ ಯಾರದ್ದೋ ಆಗಿರುತ್ತದೆ. ಮುಖವಿದ್ದರೆ ಜನ ನಿಂತು ನೋಡುತ್ತಾರೆ. ಅದು ಅವರ ಅಷ್ಟು ವರ್ಷದ ಅನುಭವ.

“ಸಾರ್, ಮುಖಾನೂ ಇರ್ಲಿ. ಕೈ ಕೆನ್ನೆ ಹತ್ರ ಬರಲಿ,” ಎಂದರು.

ರಾಮಚಂದ್ರಪ್ಪ ಕಾಳಮ್ಮನ ಜಡೆ ನೋಡಿದರು. “ಹಂಗಾದ್ರೆ ಆ ಹೂ ತೆಗೆಸಿ. ಹೂ ಮುಡ್ಕೊಂಡ್ರೆ ಕಾಯಿಲೆಯವ್ರ ತರ ಕಾಣಲ್ಲ.”

ಕಾಳಮ್ಮ ಜಡೆಯಿಂದ ಮಲ್ಲಿಗೆ ಬಿಚ್ಚಿ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು. ನಗಬೇಕೋ ಬೇಡವೋ ಎಂದು ಕೇಳಿದಳು. ಬೇಡ ಎಂದರು.

ಪೋಸ್ಟರ್ ಜನವರಿ ಕೊನೆಯ ವಾರ ಬಂತು. ಮೂರು ಸಾವಿರ ಪ್ರತಿ. ಕಪ್ಪು ಬಿಳುಪಿನ ಮುಖ, ಕೆನ್ನೆಯ ಪಕ್ಕ ಮಡಚಿದ ಕೈ, ಮೇಲೆ ಕೆಂಪಕ್ಷರದಲ್ಲಿ “ಕುಷ್ಠರೋಗ! ಎಚ್ಚರಿಕೆ!” ಕೆಳಗೆ ಸಣ್ಣಕ್ಷರದಲ್ಲಿ “ಬೇಗ ಬಂದರೆ ಪೂರ್ತಿ ಗುಣವಾಗುತ್ತದೆ.” ಇನ್ನೂ ಕೆಳಗೆ, ಮೂಲೆಯಲ್ಲಿ, ಫೋಟೋಗ್ರಾಫರರ ಹೆಸರು ಮತ್ತು ಊರು. ಅಚ್ಚಿನಲ್ಲಿ ತಮ್ಮ ಹೆಸರನ್ನು ಫಕ್ರುದ್ದೀನ್ ಮೊದಲ ಸಲ ನೋಡಿದ್ದು ಅಲ್ಲೇ. ಒಂದು ಪ್ರತಿಯನ್ನು ಮನೆಗೆ ತಂದು ಬಿಸ್ಮಿಲ್ಲಾ ಅವರಿಗೆ ತೋರಿಸಿದರು. ಅವರು ಮುಖವನ್ನು ಬಹಳ ಹೊತ್ತು ನೋಡಿದರು.

“ಈಕೆ ಇಲ್ಲೇ ಎಲ್ಲೋ ಇರೋರಲ್ವಾ?” ಎಂದರು. ಫಕ್ರುದ್ದೀನ್ ಹೌದು ಎಂದರು.

ಬಸ್ ಸ್ಟ್ಯಾಂಡು, ಸಂತೆ ಮೈದಾನ, ಶಾಲೆಯ ಗೋಡೆ, ಕಾರ್ಖಾನೆಯ ಕ್ಯಾಂಟೀನು, ಕಾಗದನಗರದ ಬಸ್ ನಿಲ್ದಾಣ ಎಲ್ಲ ಕಡೆ ಪೋಸ್ಟರ್ ಬಿತ್ತು. ಮೂರನೆಯ ದಿನ ಕಾಳಮ್ಮ ಹೂವಿನ ಬುಟ್ಟಿ ಹಿಡಿದು ಹೋದಾಗ ಮೊದಲ ಸಾಲಿನ ನಾಲ್ಕು ಮನೆಗಳ ಬಾಗಿಲು ತೆರೆಯಲಿಲ್ಲ. ಐದನೆಯ ಮನೆಯ ವಸಂತಮ್ಮ ಅವಳಿಂದ ಹತ್ತು ವರ್ಷ ಹೂ ತೆಗೆದುಕೊಂಡವರು. ಗೇಟಿನ ಒಳಗಡೆಯೇ ನಿಂತು, “ನಾಳೆಯಿಂದ ಬೇಡ ಕಾಳಮ್ಮ. ದೇವರಿಗೆ ಇಡೋದು ನೋಡು,” ಎಂದರು. ಬೈಯಲಿಲ್ಲ. ಹಿಂದಿನ ದಿನದ ಹೂವು ಕಸದ ಬುಟ್ಟಿಯಲ್ಲಿತ್ತು. ಅದನ್ನು ಕಾಳಮ್ಮ ನೋಡಿದಳು.

ಮನೆಗೆ ಬರುವ ದಾರಿಯಲ್ಲಿ ಬಸ್ ನಿಲ್ದಾಣದ ಗೋಡೆಯ ಮೇಲೆ ತನ್ನ ಮುಖ ಕಂಡಿತು.

ಅವಳು ಸ್ಟುಡಿಯೋಗೆ ಬಂದದ್ದು ಅದಾದ ಎರಡು ದಿನಕ್ಕೆ. ಹೆಸರನ್ನು ಓದಿ ಹೇಳಿದವಳು ಪಕ್ಕದ ಮನೆಯ ಹೈಸ್ಕೂಲು ಹುಡುಗಿ. ಕೈಯಲ್ಲಿ ಸುತ್ತಿದ ಪೋಸ್ಟರ್ ಇತ್ತು. ಒಳಗೆ ಬರದೆ ಮೆಟ್ಟಿಲ ಕೆಳಗೆ ನಿಂತಿದ್ದಳು. ಫಕ್ರುದ್ದೀನ್ ಅವರೇ ಕರೆದು ಬೆಂಚಿನ ಮೇಲೆ ಕೂರಿಸಿದರು.

“ಇದನ್ನ ತೆಗ್ದೋರು ನೀವೇ ಅಲ್ವಾ ಸಾಬ್ರೇ?”

“ಹೌದಮ್ಮ.”

“ಕೆಂಪಕ್ಷರದಾಗೆ ಏನ್ ಬರ್ದೈತೆ?”

ಅವರು ಓದಿದರು. ಕೆಳಗಿನ ಸಣ್ಣಕ್ಷರವನ್ನೂ ಓದಿದರು.

“ಗುಣ ಆಗುತ್ತೆ ಅಂತ ಬರ್ದೈತೆ. ಗುಣ ಆಗೈತೆ ಅಂತ ಯಾಕ್ ಬರ್ದಿಲ್ಲ?”

“ಅಂದ್ರೆ?”

“ನೀವ್ ಫೋಟೋ ತೆಗ್ದಾಗ ನನ್ ಮಾತ್ರೆ ನಿಲ್ಸಿ ನಾಕು ತಿಂಗ್ಳಾಗಿತ್ತು. ಡಾಕ್ಟ್ರು ಕಾರ್ಡಿಗೆ ಸೀಲ್ ಹೊಡ್ದು ಕೊಟ್ಟವ್ರೆ. ಕಾಯ್ಲೆ ಹೋಯ್ತು, ಬೆರಳು ಮಾತ್ರ ಹಿಂಗೇ ಇರ್ತೈತೆ ಅಂದ್ರು. ಅವತ್ತು ನಾನ್ ಬಂದಿದ್ದು ಮೆತ್ತನೆ ಚಪ್ಪಲಿ ಕೊಡ್ತಾರೆ ಅಂತ.”

ಫಕ್ರುದ್ದೀನ್ ಪೋಸ್ಟರನ್ನು ಮತ್ತೆ ನೋಡಿದರು. ರೋಗದ ಫೋಟೋ ಎಂದು ಮೂರು ಸಾವಿರ ಗೋಡೆಗೆ ಅಂಟಿದ್ದ ಮುಖದಲ್ಲಿ ರೋಗವೇ ಇರಲಿಲ್ಲ.

“ಕೈ ಒಂದೇ ತೆಗೀಬೋದಿತ್ತಲ್ಲ? ಮುಖ ಯಾಕ್ ಬೇಕಿತ್ತು? ಆ ಸಾರು ಹೇಳಿದ್ರಾ?”

ಹೌದು ಎಂದುಬಿಡಬಹುದಿತ್ತು. “ಇಲ್ಲಮ್ಮ. ನಾನೇ ತೆಗ್ದೆ. ಮುಖ ಇದ್ರೆ ಚೆನ್ನಾಗಿ ಬರುತ್ತೆ ಅಂತ,” ಎಂದರು.

ಕಾಳಮ್ಮ ಪೋಸ್ಟರನ್ನು ಮತ್ತೆ ಸುತ್ತಿದಳು. “ಚೆನ್ನಾಗೇ ಬಂದೈತೆ,” ಎಂದು ಪೋಸ್ಟರನ್ನು ಬೆಂಚಿನ ಮೇಲೆ ಇಟ್ಟು ಎದ್ದು ಹೋದಳು.

ಮರುದಿನವೇ ಫಕ್ರುದ್ದೀನ್ ಶಿವಮೊಗ್ಗಕ್ಕೆ ಹೋಗಿ ರಾಮಚಂದ್ರಪ್ಪನವರನ್ನು ಕಂಡರು. ಪೋಸ್ಟರ್ ವಾಪಸ್ ತೆಗೆಸಬೇಕು ಎಂದು ಕೇಳಿದರು. ರಾಮಚಂದ್ರಪ್ಪ ಸಿಟ್ಟಾಗಲಿಲ್ಲ, ಬೇಸರಪಟ್ಟುಕೊಂಡರು.

“ನಂಗೇನು ಆ ಯಮ್ಮನ ಮೇಲೆ ದ್ವೇಷವಾ ಮಾರಾಯ? ಹೆದರಿಸದೇ ಇದ್ರೆ ಯಾರೂ ಬರಲ್ಲ. ಪೋಸ್ಟರ್ ಹಾಕಿದ್ ಮೇಲೆ ಹದಿನಾಲ್ಕು ಜನ ಹೊಸಬರು ಬಂದಿದ್ದಾರೆ.”

“ಅವರ ಕೈ ಹೆಂಗಿದೆ ಸಾರ್?”

“ಹೆಂಗಿರುತ್ತೆ? ಹಿಂಗೇ,” ಎಂದು ರಾಮಚಂದ್ರಪ್ಪ ಪೋಸ್ಟರ್ ತೋರಿಸಿದರು.

ಆ ಉತ್ತರದಲ್ಲಿ ಏನೋ ಎಡವಟ್ಟಿದೆ ಎಂದು ಫಕ್ರುದ್ದೀನ್ ಅವರಿಗೆ ಅನಿಸಿತು. ಅದೇನೆಂದು ಆಗ ಹೊಳೆಯಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಶುಕ್ರವಾರ ಮಧ್ಯಾಹ್ನದ ನಮಾಜ್ ಮುಗಿಸಿ, ಮೊಪೆಡ್ ಹತ್ತಿ ಭದ್ರಾವತಿಯ ಗೋಡೆಗಳಿಂದ ಪೋಸ್ಟರ್ ಕೀಳತೊಡಗಿದರು. ಒಂದು ಬಕೆಟ್ ನೀರು, ಒಂದು ಕರಣಿ. ಕಾಗದನಗರದ ಬಸ್ ನಿಲ್ದಾಣದಲ್ಲಿ ಕಾವಲುಗಾರನೊಬ್ಬ ಕೊರಳಪಟ್ಟಿ ಹಿಡಿದ. “ಜನಕ್ಕೆ ಒಳ್ಳೇದಾಗ್ಲಿ ಅಂತ ಅಂಟ್ಸಿರೋದು, ಹರೀತೀಯಾ?” “ಇದು ನಾನೇ ತೆಗ್ದಿರೋ ಫೋಟೋನಪ್ಪ,” ಎಂದರು ಫಕ್ರುದ್ದೀನ್. ಅವನಿಗೆ ಅರ್ಥವಾಗಲಿಲ್ಲ, ಬಿಟ್ಟ. ಒಟ್ಟು ಅರವತ್ತರಷ್ಟು ಕಿತ್ತಿರಬಹುದು. ಕಾರ್ಖಾನೆಯ ಒಳಗಿನದಕ್ಕೆ ಕೈ ಹಾಕುವಂತಿರಲಿಲ್ಲ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯವು ಎಲ್ಲೆಲ್ಲಿವೆಯೋ ಗೊತ್ತೂ ಇರಲಿಲ್ಲ.

ಕಾಳಮ್ಮನನ್ನು ಹುಡುಕಿಕೊಂಡು ಹೋದಾಗ ಮನೆಗೆ ಬೀಗ ಬಿದ್ದಿತ್ತು. ಶಿವಮೊಗ್ಗದ ತಂಗಿಯ ಮನೆಗೆ ಹೋಗಿದ್ದಾಳೆ ಎಂದರು ಅಕ್ಕಪಕ್ಕದವರು.

ಪೋಸ್ಟರಿನ ಮೂಲೆಯಲ್ಲಿದ್ದ ಹೆಸರು ಸ್ಟುಡಿಯೋಗೂ ತಟ್ಟದೆ ಇರಲಿಲ್ಲ. ಮಗಳನ್ನು ಕರೆದುಕೊಂಡು ಬಂದ ಒಬ್ಬ ತಾಯಿ ಸ್ಟೂಲನ್ನು ನೋಡಿ, “ಅವರನ್ನೂ ಇದ್ರ ಮೇಲೇ ಕೂರ್ಸಿದ್ರಾ?” ಎಂದು ಕೇಳಿದಳು. ಇಲ್ಲವೆಂದರೂ ಕೂರಲಿಲ್ಲ. ಬಿಸ್ಮಿಲ್ಲಾ ಆ ಸ್ಟೂಲನ್ನು ಮನೆಯೊಳಗೆ ಹಾಕಿಕೊಂಡು ಹೊಸದನ್ನು ತರಿಸಿದರು. ಸಂಸ್ಥೆಯ ಕೆಲಸಕ್ಕೆ ಫಕ್ರುದ್ದೀನ್ ಮತ್ತೆ ಹೋಗಲಿಲ್ಲ. ವರ್ಷ ಎರಡಾಗುವಷ್ಟರಲ್ಲಿ ಜನ ಮರೆತರು, ಮದುವೆಯ ಫೋಟೋಗಳು ಮತ್ತೆ ಬಂದವು.

1997ರ ಬೇಸಿಗೆಯಲ್ಲಿ ಚೌಡಪ್ಪ ಗೇಟ್ ಪಾಸಿನ ಫೋಟೋಗೆ ಬಂದ. ಕಾಗದದ ಕಾರ್ಖಾನೆಯ ಬಿದಿರು ಯಾರ್ಡಿನಲ್ಲಿ ಲಾರಿ ಇಳಿಸುವ ಕೆಲಸ ಅವನದು. ಮೂವತ್ತೈದರ ಗಟ್ಟಿ ಆಳು. ಫಕ್ರುದ್ದೀನ್ ಕ್ಯಾಮೆರಾಕ್ಕೆ ರೀಲು ಹಾಕುತ್ತಿದ್ದರು. ಚೌಡಪ್ಪ ಸ್ಟೂಲಿನ ಮೇಲೆ ಕುಳಿತು ಗೋಡೆಯ ಮೇಲಿದ್ದ ಫೋಟೋಗಳನ್ನು ನೋಡುತ್ತ ಏನೋ ಕತೆ ಹೇಳುತ್ತಿದ್ದ. ಐನೂರು ವ್ಯಾಟಿನ ದೀಪ ಉರಿಯುತ್ತಿತ್ತು. ಕೂದಲು ಸುಟ್ಟ ವಾಸನೆ ಬಂತು.

ತಿರುಗಿ ನೋಡಿದರೆ ಚೌಡಪ್ಪನ ಮುಂಗೈ ದೀಪದ ತಗಡಿಗೆ ಒರಗಿತ್ತು. ಅವನು ಮಾತಾಡುತ್ತಲೇ ಇದ್ದ.

“ಕೈ ತೆಗಿಯೋ!” ಎಂದು ಫಕ್ರುದ್ದೀನ್ ಕೂಗಿದರು.

ಚೌಡಪ್ಪ ಕೈ ನೋಡಿಕೊಂಡ. ಮೊಣಕೈ ಕೆಳಗೆ ಚರ್ಮ ಬೊಬ್ಬೆ ಎದ್ದಿತ್ತು. “ಅರೆ, ಇದ್ಯಾವಾಗ ಸುಡ್ತು?” ಎಂದು ನಕ್ಕ. ಬೊಬ್ಬೆಯ ಸುತ್ತ ಅಂಗೈಯಷ್ಟು ಅಗಲ, ಬೇರೆ ಚರ್ಮಕ್ಕಿಂತ ಸ್ವಲ್ಪ ತಿಳಿಯಾದ ಒಂದು ಮಚ್ಚೆ ಇತ್ತು. ಛತ್ರದ ಜಗಲಿಯಲ್ಲಿ ರಾಮಚಂದ್ರಪ್ಪ ಬಿಟ್ಟು ಹೋದ ಆ ಎಲ್ಲರಂತಿದ್ದ ಜನರಲ್ಲಿ ಕೆಲವರ ಬೆನ್ನಿನ ಮೇಲೆ, ತೋಳಿನ ಮೇಲೆ ಅಂಥದ್ದನ್ನು ಅವರು ನೋಡಿದ್ದರು.

“ಇದು ಎಷ್ಟು ದಿನದಿಂದ ಇದೆ ಚೌಡಪ್ಪ?”

“ಅದಾ? ನಾಕು ವರ್ಷ ಆಯ್ತೇನೋ. ತುರ್ಸಲ್ಲ, ನೋಯಲ್ಲ. ಅದ್ರ ಪಾಡಿಗೆ ಅದೈತೆ.”

“ಡಾಕ್ಟ್ರಿಗೆ ತೋರ್ಸಬೇಕು ಮಾರಾಯ. ಇದು ಆ ಕಾಯಿಲೆ ಇರಬಹುದು.”

“ಯಾವ ಕಾಯ್ಲೆ?” ಎಂದವನಿಗೆ ತಕ್ಷಣ ಹೊಳೆಯಿತು. ಎದ್ದು ನಿಂತ. ಎರಡೂ ಕೈಗಳನ್ನು ಅವರ ಮುಖದ ಮುಂದೆ ಹರವಿದ. “ಏನ್ ಸಾಬ್ರೇ ನೀವು! ಬೆರಳು ನೋಡಿ, ಎಲ್ಲಾ ನೆಟ್ಟಗವೆ. ನಮ್ ಕ್ಯಾಂಟೀನ್ ಗೋಡೆ ಮೇಲೆ ಆ ಕಾಯ್ಲೆ ಹೆಂಗ್ಸಿನ ಫೋಟೋ ಐತೆ. ನಾಕು ವರ್ಷದಿಂದ ಅದ್ರ ಎದ್ರಿಗೇ ಕೂತು ಉಣ್ತೀನಿ ನಾನು. ಹಂಗೈತಾ ನನ್ ಕೈ?”

ನಾಲ್ಕು ವರ್ಷದ ಹಿಂದೆ ರಾಮಚಂದ್ರಪ್ಪನವರ ಮಾತಿನಲ್ಲಿ ಎಡವಟ್ಟೆನಿಸಿದ್ದು ಏನೆಂದು ಈಗ ಫಕ್ರುದ್ದೀನ್ ಅವರಿಗೆ ತಿಳಿಯಿತು. ಬೆರಳು ಮಡಚಿದವರು ಆ ಫೋಟೋ ನೋಡಿ ತಮ್ಮದು ಇದೇ ಎಂದು ಬಂದರು. ಬೆರಳು ನೆಟ್ಟಗಿದ್ದವರು ಅದೇ ಫೋಟೋ ನೋಡಿ ತಮ್ಮದು ಇದಲ್ಲ ಎಂದು ಮನೆಯಲ್ಲೇ ಉಳಿದರು. ಬೇಗ ಬನ್ನಿ ಎಂದು ಬರೆದದ್ದು ಇವರಿಗೆ. ಫೋಟೋ ಬರಬೇಡಿ ಎಂದದ್ದೂ ಇವರಿಗೇ.

ಚೌಡಪ್ಪನನ್ನು ಒಪ್ಪಿಸುವುದಕ್ಕೆ ಒಂದು ವಾರ ಹಿಡಿಯಿತು. ಕೊನೆಗೆ ಅವನ ಹೆಂಡತಿ ನಂಜಮ್ಮನಿಗೆ ಸುಟ್ಟ ಗಾಯ ತೋರಿಸಿ, ನೋವಾಗದೇ ಇರುವುದೇ ಹೆದರಿಕೆಯ ವಿಷಯ ಎಂದು ಫಕ್ರುದ್ದೀನ್ ಬಿಡಿಸಿ ಹೇಳಿದರು. ಅವಳೇ ಗಂಡನನ್ನು ಹೊರಡಿಸಿದಳು. ಛತ್ರದ ಜಗಲಿಗೆ ಈಗ ಸಮತಾ ಎಂಬ ಹೊಸ ಡಾಕ್ಟರ್ ಬರುತ್ತಿದ್ದರು. ಓದು ಮುಗಿಸಿ ಎರಡು ವರ್ಷವಾಗಿತ್ತಷ್ಟೆ. ಮೊಣಕೈಯ ಸಂದಿಯಲ್ಲಿ ಬೆರಳಿಟ್ಟು ನರ ಹುಡುಕಿದರು. ಹಗ್ಗದ ಹಾಗೆ ದಪ್ಪವಾಗಿತ್ತು. ಆಮೇಲೆ ಬಾಲ್‌ಪೆನ್ ತೆಗೆದರು.

“ಕಣ್ಣು ಮುಚ್ಕೊಳಿ. ನಾನು ಎಲ್ಲಿ ಮುಟ್ತೀನೋ ಅಲ್ಲಿ ನಿಮ್ಮ ಬೆರಳಿಟ್ಟು ತೋರಿಸಬೇಕು.”

ಚೌಡಪ್ಪ ಕಣ್ಣು ಮುಚ್ಚಿದ. ಭುಜಕ್ಕೆ ಮುಟ್ಟಿದರು, ಬೆರಳಿಟ್ಟ. ಅಂಗೈಗೆ ಮುಟ್ಟಿದರು, ಬೆರಳಿಟ್ಟ. ಮಚ್ಚೆಯ ನಡುವೆ ಪೆನ್ನು ಒತ್ತಿದರು. ಅವನು ಕಾದ. ಇನ್ನೊಂದು ಕಡೆ ಒತ್ತಿದರು. ಬೆರಳನ್ನು ಗಾಳಿಯಲ್ಲಿ ಸಿದ್ಧವಾಗಿ ಹಿಡಿದು, ಪರೀಕ್ಷೆಗೆ ಕುಳಿತವನ ಹಾಗೆ ಹುಬ್ಬು ಗಂಟಿಕ್ಕಿ ಕಾಯುತ್ತಲೇ ಇದ್ದ.

“ಇನ್ನೂ ಮುಟ್ಟಿಲ್ವಾ ಮೇಡಂ?” ಎಂದು ಕೇಳಿದ.

ನಂಜಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಪೆನ್ನಿನ ತುದಿ ಚರ್ಮದಲ್ಲಿ ಕುಳಿ ಮಾಡಿ ನಿಂತಿತ್ತು.

ಎರಡು ವರ್ಷದ ಮಾತ್ರೆ ಆವತ್ತಿನಿಂದಲೇ ಶುರುವಾಯಿತು. ಮೊದಲ ಮಾತ್ರೆ ನುಂಗಿದ ದಿನ ಮೂತ್ರ ಕೆಂಪಾಗಿ, ಚೌಡಪ್ಪ ರಕ್ತ ಹೋಗುತ್ತಿದೆ ಎಂದು ಹೆದರಿ ಓಡಿ ಬಂದ. ಔಷಧದ ಬಣ್ಣ ಎಂದು ಗೊತ್ತಾದ ಮೇಲೆ ಅದೇ ಅವನಿಗೆ ಎಲ್ಲರ ಮುಂದೆ ಹೇಳುವ ತಮಾಷೆಯಾಯಿತು.

ಒಂದು ತಿಂಗಳು ಬಿಟ್ಟು ಫಕ್ರುದ್ದೀನ್ ತಾವಾಗಿಯೇ ಡಾಕ್ಟರ ಹತ್ತಿರ ಹೋದರು.

“ಮೇಡಂ, ಮಚ್ಚೆಯ ಫೋಟೋ ತೆಗೀಬೇಕು ಅಂತಿದ್ದೀನಿ. ಬೆರಳಿಂದಲ್ಲ.”

“ಮಚ್ಚೆ ಫೋಟೋದಲ್ಲಿ ಸರಿಯಾಗಿ ಬರಲ್ಲ ಫಕ್ರುದ್ದೀನ್ ಅವರೇ. ನಾನೂ ನೋಡಿದ್ದೀನಿ.”

ಅವರ ಮಾತು ನಿಜವಾಗಿತ್ತು. ಫ್ಲಾಷ್ ಹಾಕಿದರೆ ಮಚ್ಚೆ ಬೆಳಕಲ್ಲಿ ಕರಗಿಹೋಗುತ್ತಿತ್ತು. ಪಕ್ಕದಿಂದ ದೀಪ ಬಿಟ್ಟರೆ ನೆರಳಿನಲ್ಲಿ ಮುಚ್ಚಿಹೋಗುತ್ತಿತ್ತು. ಕಪ್ಪು ಬಿಳುಪಿನಲ್ಲಿ ಬೆವರಿನ ಕಲೆಯೋ ಮಚ್ಚೆಯೋ ತಿಳಿಯುತ್ತಿರಲಿಲ್ಲ. ನಾಲ್ಕು ರೀಲು ಹಾಳಾದ ಮೇಲೆ ದೀಪವನ್ನೇ ಬಿಟ್ಟು, ಬೆಳಿಗ್ಗೆ ಹತ್ತು ಗಂಟೆಗೆ ಛತ್ರದ ಉತ್ತರದ ಕಿಟಕಿಯಿಂದ ಬರುವ ಮೆತ್ತನೆಯ ಬೆಳಕಿನಲ್ಲಿ, ಕಲರ್ ರೀಲಿನಲ್ಲಿ ತೆಗೆದರು. ಆಗ ಬಂತು: ಮಾತ್ರೆಗೆ ಬರುತ್ತಿದ್ದವರಲ್ಲಿ ಒಪ್ಪಿದ ಒಬ್ಬನ ಕಂದು ಬೆನ್ನಿನ ಮೇಲೆ ತಿಳಿ ಬಣ್ಣದ ಒಂದು ಜಾಗ. ನೋಡಿದವರು ಇಷ್ಟೇನಾ ಎನ್ನುವಂಥದ್ದು.

ಆದರೂ ಅರ್ಧ ಮಾತ್ರ ಬಂದಿತ್ತು. ಸ್ಪರ್ಶ ಹೋಗಿದೆ ಎಂಬುದೇ ಮುಖ್ಯ ಗುರುತು, ಅದನ್ನು ಯಾವ ಲೆನ್ಸೂ ಹಿಡಿಯುವುದಿಲ್ಲ. ಪೆನ್ನಿನ ಪರೀಕ್ಷೆಯದೇ ಒಂದು ಫೋಟೋ ತೆಗೆಯಬಹುದೇ ಎಂದು ಅವರು ಚೌಡಪ್ಪನನ್ನು ಕೇಳಿದರು. ಅವನು ನಂಜಮ್ಮನ ಕಡೆ ನೋಡಿದ.

“ಮುಖ ಬೇಡ ಸಾಬ್ರೇ. ಮಕ್ಳು ಸ್ಕೂಲಿಗೆ ಹೋಗ್ತಾವೆ,” ಎಂದಳು ಅವಳು.

“ಮುಖ ತೆಗಿಯಲ್ಲ. ತೆಗ್ದಿದ್ದನ್ನ ಮೊದಲು ನಿಮಗೇ ತೋರಿಸ್ತೀನಿ. ಬೇಡ ಅಂದ್ರೆ ನೆಗೆಟಿವ್ ನಿಮ್ಮ ಮುಂದೆನೇ ಕತ್ತರಿಸ್ತೀನಿ.”

ಆ ಫೋಟೋದಲ್ಲಿ ಚೌಡಪ್ಪ ಹಿಂದಿನಿಂದ ಕಾಣುತ್ತಾನೆ. ಪೆನ್ನು ಮಚ್ಚೆಗೆ ಒತ್ತಿಕೊಂಡಿದೆ. ಅವನ ಇನ್ನೊಂದು ಕೈಯ ತೋರುಬೆರಳು ಗಾಳಿಯಲ್ಲಿ ಎತ್ತಿದೆ, ಕಾಯುತ್ತಿದೆ. ಕೆಳಗೆ ಏನು ಬರೆಯಬೇಕೆಂದು ಯೋಚಿಸಬೇಕಾಗಿರಲಿಲ್ಲ. “ಇನ್ನೂ ಮುಟ್ಟಿಲ್ವಾ?” ಎಂದೇ ಬರೆಯೋಣ ಎಂದರು ಸಮತಾ. ಮಚ್ಚೆಯ ಫೋಟೋ ಪಕ್ಕದಲ್ಲಿ ಬಂತು.

ರಾಮಚಂದ್ರಪ್ಪ ಪ್ರಿಂಟನ್ನು ತಿರುಗಿಸಿ ಮುರುಗಿಸಿ ನೋಡಿದರು. ನಿವೃತ್ತಿಗೆ ಅವರಿಗೆ ಆರು ತಿಂಗಳಿತ್ತು.

“ಇದ್ರಲ್ಲಿ ಕಾಯಿಲೆ ಎಲ್ಲಿದೆ ಫಕ್ರುದ್ದೀನ್?”

“ಕಾಣಲ್ಲ ಸಾರ್. ಶುರುವಿನಲ್ಲಿ ಅದು ಕಾಣೋದೇ ಇಷ್ಟು.”

“ಯಾರೂ ನಿಂತು ನೋಡಲ್ಲ.”

ಆದರೂ ಆರುನೂರು ಪ್ರತಿ ಅಚ್ಚು ಹಾಕಿಸಲು ಸಹಿ ಮಾಡಿದರು. ಅವರು ಹೇಳಿದ್ದು ಪೂರ್ತಿ ಸುಳ್ಳಾಗಲಿಲ್ಲ. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಹೊಸ ಪೋಸ್ಟರಿನ ಮುಂದೆ ಜನ ನಿಲ್ಲುತ್ತಿರಲಿಲ್ಲ. ಅದು ಕೆಲಸಕ್ಕೆ ಬಂದದ್ದು ಮನೆಯ ಬಾಗಿಲಲ್ಲಿ. ಮರುವರ್ಷ ಕಾರ್ಯಕರ್ತರು ಮನೆಮನೆ ತಪಾಸಣೆಗೆ ಹೊರಟಾಗ ಅದನ್ನೇ ಸಣ್ಣ ಕಾರ್ಡು ಮಾಡಿ ಕೈಗೆ ಕೊಟ್ಟರು. ನವುಲೆಯಲ್ಲಿ ಕೃಷಿ ಕಾಲೇಜಿನ ಹೊಲದ ಕೂಲಿಗೆ ಹೋಗುತ್ತಿದ್ದ ಹೆಂಗಸೊಬ್ಬಳು ಕಾರ್ಡು ನೋಡಿ, ನಕ್ಕು, ಆಮೇಲೆ ನಗು ನಿಲ್ಲಿಸಿ, ಒಳಗೆ ಕರೆದು ತೊಡೆಯ ಮೇಲಿನ ಮಚ್ಚೆ ತೋರಿಸಿದಳು. ಆರೇ ತಿಂಗಳ ಮಾತ್ರೆಯಲ್ಲಿ ಅವಳಿಗೆ ವಾಸಿಯಾಯಿತು. ಅಂಥವರು ಎಷ್ಟು ಮಂದಿ ಎಂದು ಯಾರೂ ಲೆಕ್ಕ ಇಡಲಿಲ್ಲ. ಇಟ್ಟಿದ್ದರೂ ಫೋಟೋ ನೋಡಿ ಬಂದವರೆಷ್ಟು, ಕಾರ್ಯಕರ್ತೆಯ ಮಾತು ಕೇಳಿ ಬಂದವರೆಷ್ಟು ಎಂದು ಬೇರ್ಪಡಿಸಲು ಆಗುತ್ತಿರಲಿಲ್ಲ. ಚೌಡಪ್ಪ 1999ರಲ್ಲಿ ಮಾತ್ರೆ ಮುಗಿಸಿದ. ಬೆರಳು ಒಂದೂ ಬಾಗಲಿಲ್ಲ. ಮುಂಗೈಯ ಆ ಜಾಗಕ್ಕೆ ಮಾತ್ರ ಸ್ಪರ್ಶ ಮರಳಿ ಬರಲಿಲ್ಲ.

2000ದಲ್ಲಿ ನೌರೀನ್ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ತಂದೆಯನ್ನು ಕರೆದಳು. ರೋಗಗಳ ವಿಭಾಗದಲ್ಲಿ ಒಬ್ಬ ಹುಡುಗಿ ಬಣ್ಣದ ಪೆನ್ಸಿಲಿನಲ್ಲಿ ಬರೆದ ಚಾರ್ಟ್ ಇತ್ತು. ಕೆನ್ನೆಯ ಪಕ್ಕ ಮಡಚಿದ ಎಡಗೈ. ಉಗುರುಗಳಿಗೆ ಕೆಂಪು ಬಳಿದು, ರಕ್ತ ತೊಟ್ಟಿಕ್ಕುವ ಹಾಗೆ ಮಾಡಿದ್ದಳು. ಮುಖ ಯಾರದ್ದೂ ಅಲ್ಲ, ಬೆಳಕು ಮಾತ್ರ ಅದೇ ಪಕ್ಕದಿಂದ ಬಿದ್ದಿತ್ತು.

“ಇದನ್ನ ಎಲ್ಲಿ ನೋಡಿ ಬರೆದೆಯಮ್ಮ?”

“ನಮ್ಮಕ್ಕನ ಹಳೇ ಚಾರ್ಟ್ ನೋಡಿ ಅಂಕಲ್.”

“ಅವರು?”

ಹುಡುಗಿಗೆ ಗೊತ್ತಿರಲಿಲ್ಲ.

ಮರುವಾರ ಫಕ್ರುದ್ದೀನ್ ಹಳೆಯ ಡಬ್ಬಿಯಿಂದ 1992ರ ನೆಗೆಟಿವ್ ಹುಡುಕಿ ತೆಗೆದು ಶಿವಮೊಗ್ಗಕ್ಕೆ ಹೋದರು. ಕಾಳಮ್ಮನ ವಿಳಾಸವನ್ನು ಸಮತಾ ಚಪ್ಪಲಿ ಪಡೆದವರ ಹಳೆಯ ಪಟ್ಟಿಯಿಂದ ಹುಡುಕಿ ಕೊಟ್ಟಿದ್ದರು. ತುಂಗೆಯ ಕಡೆಗೆ ಇಳಿಯುವ ಒಂದು ಓಣಿಯಲ್ಲಿ, ತಂಗಿ ಈಶ್ವರಮ್ಮನ ಮನೆಯ ಹಿಂಭಾಗದ ಕೋಣೆಯಲ್ಲಿ ಅವಳಿದ್ದಳು. ಸುತ್ತ ಒದ್ದೆ ಗೋಣಿಚೀಲ, ಮುಂದೆ ಕನಕಾಂಬರದ ರಾಶಿ. ಹೂವಿನ ಮಂಡಿಯವನು ಬೆಳಿಗ್ಗೆ ಹೂ ಹಾಕಿ, ಸಂಜೆ ಕಟ್ಟಿದ್ದನ್ನು ಒಯ್ಯುತ್ತಿದ್ದ. ಕೊಳ್ಳುವವರಿಗೆ ಕಟ್ಟಿದವರು ಯಾರೆಂದು ಕಾಣುತ್ತಿರಲಿಲ್ಲ.

ಅವಳು ಅವರ ಗುರುತು ಹಿಡಿದಳು. ಕುಳಿತುಕೊಳ್ಳಿ ಎಂದಳು. ಅವರು ನೆಗೆಟಿವ್ ಕೈಗೆ ಕೊಟ್ಟರು.

“ಇದೇ ಮೂಲ. ಇನ್ನು ಯಾರೂ ಇದರಿಂದ ಹೊಸದು ಮಾಡಕ್ಕಾಗಲ್ಲ. ನೀವೇ ಏನಾದ್ರೂ ಮಾಡಿ.”

ಕಾಳಮ್ಮ ಅದನ್ನು ಬಾಗಿಲ ಬೆಳಕಿಗೆ ಹಿಡಿದಳು. ಮುಖ ಬಿಳಿಚಿಕೊಂಡು, ಕಣ್ಣಿನ ಗುಡ್ಡೆ ಹೊಳೆಯುತ್ತಿತ್ತು. “ಇದ್ಯಾರೋ ದೆವ್ವ ಆದಂಗೈತೆ,” ಎಂದು ಮೊದಲ ಬಾರಿಗೆ ಅವರ ಮುಂದೆ ನಕ್ಕಳು.

“ಕಾಳಮ್ಮ, ಇನ್ನೊಂದು ಫೋಟೋ ತೆಗಿತೀನಿ. ಹೂ ಮುಡ್ಕೊಂಡು, ಹೂ ಕಟ್ತಾ ಇರೋದು. ಗುಣ ಆಗಿದೆ ಅಂತ ದೊಡ್ಡಕ್ಷರದಲ್ಲಿ ಹಾಕ್ಸೋಣ. ಪೋಸ್ಟರೂ ಮಾಡೋಣ ಅಂತ ಡಾಕ್ಟ್ರು ಹೇಳಿದ್ದಾರೆ.”

ಅವಳು ಹೂವಿಗೆ ದಾರ ಸುತ್ತುತ್ತಲೇ ಯೋಚಿಸಿದಳು. ಮೂರು ಬೆರಳು ನಿಲ್ಲಲಿಲ್ಲ.

“ಬ್ಯಾಡ ಸಾಬ್ರೇ. ಮೊದಲ್ನೇದನ್ನ ನೋಡ್ದೋರೆಲ್ಲ ಎರಡ್ನೇದನ್ನ ನೋಡಕ್ ಬರ್ತಾರಾ? ಮರ್ತಿರೋರ್ಗೂ ನೆಪ್ಪಾಗ್ತೈತೆ ಅಷ್ಟೇ.”

ಅವರು ಒತ್ತಾಯಿಸಲಿಲ್ಲ. ಈಶ್ವರಮ್ಮ ತಂದುಕೊಟ್ಟ ಚಹಾ ಕುಡಿದರು. ಹೊರಡುವಾಗ ಕಾಳಮ್ಮ ಕನಕಾಂಬರದ ಒಂದು ಮೊಳ ಎಲೆಯಲ್ಲಿ ಕಟ್ಟಿ, “ಮನೆಯೋರಿಗೆ ಕೊಡಿ,” ಎಂದಳು. ಬಿಸ್ಮಿಲ್ಲಾ ಅದನ್ನು ಆವತ್ತು ಸಂಜೆ ಮುಡಿದುಕೊಂಡರು. ಕಾಳಮ್ಮ 2003ರ ಚಳಿಗಾಲದಲ್ಲಿ ನ್ಯುಮೋನಿಯಾದಿಂದ ತೀರಿಕೊಂಡಳು. ಸುದ್ದಿ ಫಕ್ರುದ್ದೀನ್ ಅವರಿಗೆ ತಲುಪಿದ್ದು ಎರಡು ತಿಂಗಳ ಮೇಲೆ.

ಅಷ್ಟು ಹೊತ್ತಿಗೆ ಡಿಜಿಟಲ್ ಕ್ಯಾಮೆರಾ ಬಂದಿತ್ತು. ಸ್ಟುಡಿಯೋವನ್ನು ನೌರೀನ್ ನೋಡಿಕೊಳ್ಳತೊಡಗಿದಳು. ಒಂದು ಕಂಪ್ಯೂಟರ್, ಒಂದು ಜೆರಾಕ್ಸ್ ಮೆಷಿನ್, ಐದು ನಿಮಿಷಕ್ಕೆ ಪಾಸ್‌ಪೋರ್ಟ್ ಫೋಟೋ. ಫಕ್ರುದ್ದೀನ್ ಅವರಿಗೆ ಬಿಡುವಾಯಿತು. ತಿಂಗಳಿಗೆ ಎರಡು ಸಲ ಸಮತಾ ಅವರ ಜೀಪಿನಲ್ಲಿ ಹಳ್ಳಿಗಳಿಗೆ ಹೋಗುತ್ತಿದ್ದರು. ಕ್ಯಾಮೆರಾ ಒಯ್ಯುತ್ತಿರಲಿಲ್ಲ. ಕಾರ್ಡು ತೋರಿಸುವುದು, ಮಕ್ಕಳಿಗೆ ಕಣ್ಣು ಮುಚ್ಚಿಸಿ ಆಟದ ಹಾಗೆ ಪೆನ್ನು ಮುಟ್ಟಿಸುವುದು, ಹೆಸರು ಬರೆದುಕೊಳ್ಳುವುದು ಅವರ ಕೆಲಸ. ಅವರು ಸುಳ್ಳು ಭರವಸೆ ಕೊಡುತ್ತಿರಲಿಲ್ಲ, ಹೆದರಿಸುತ್ತಲೂ ಇರಲಿಲ್ಲ ಎಂದು ಸಮತಾ ಹೇಳುತ್ತಾರೆ.

2005ರಲ್ಲಿ ಹೊಳಲೂರಿನಲ್ಲಿ ಹೊನ್ನಯ್ಯ ಎಂಬ ಅಜ್ಜ ಪಂಚಾಯಿತಿ ಕಟ್ಟೆಯ ಮೇಲೆ ಅಂಗಿ ಬಿಚ್ಚಿ ಬೆನ್ನು ತೋರಿಸಿದ. ದುಂಡನೆಯ ಮಚ್ಚೆ. ಕಾರ್ಡು ನೋಡಿದ ಮೇಲೆ ಮೂರು ದಿನದಿಂದ ಅನ್ನ ಸೇರಿಲ್ಲ ಎಂದ. ಫಕ್ರುದ್ದೀನ್ ಅವನನ್ನು ಕಣ್ಣು ಮುಚ್ಚಲು ಹೇಳಿ ಪೆನ್ನಿನ ತುದಿಯನ್ನು ಮೆಲ್ಲಗೆ ತಾಗಿಸಿದರು.

“ಅಯ್ಯಯ್ಯೋ, ಚುಚ್ಬೇಡ್ರೀ ಸಾಬ್ರೇ! ಮೊದ್ಲೇ ತುರ್ಸಿ ತುರ್ಸಿ ಉರೀತೈತೆ!” ಎಂದು ಹೊನ್ನಯ್ಯ ಹಾರಿ ಬಿದ್ದ.

ಸಮತಾ ಬಂದು ನೋಡಿ, ಬರೀ ಹುಳುಕಡ್ಡಿ ಎಂದು ಮುಲಾಮು ಬರೆದುಕೊಟ್ಟರು. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಹೊನ್ನಯ್ಯ ಅಂಗಿ ಹಾಕಿಕೊಂಡು, ಇಷ್ಟು ದೂರ ಬಂದಿದ್ದೀರಿ, ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಾರೆ, ತಿಂದೇ ಹೋಗಬೇಕು ಎಂದು ಇಬ್ಬರನ್ನೂ ಮುಂದೆ ಮಾಡಿಕೊಂಡು ಹೊರಟ.